ಮಿಕ್ಕ ಬೀಜ ಮಳೆಗಾಲ ದಾಟುವುದೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ತೋಟ. ಹಿತ್ತಲಿಗೆ ಬೇಕಾದ ತರಕಾರಿ ಬೀಜವನ್ನು ಪ್ರತಿವರ್ಷ ಪೊಟ್ಟಣಗಳಲ್ಲಿ ತರುತ್ತೇವೆ. ಬಿತ್ತಿದ ಮೇಲೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಕಳೆದ ವರ್ಷ ಮಿಕ್ಕಿದ್ದ ಟೊಮೆಟೊ, ಬೀನ್ಸ್, ಬೆಂಡೆ ಮತ್ತು ಈರುಳ್ಳಿ ಬೀಜದ ಪೊಟ್ಟಣಗಳ ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದೆ. ಈ ವರ್ಷ ಬಿತ್ತಿದಾಗ ಟೊಮೆಟೊ ಸುಮಾರಾಗಿ ಬಂತು, ಬೀನ್ಸ್ ಅರ್ಧಕ್ಕರ್ಧ ಮಣ್ಣಿನಲ್ಲೇ ಕೊಳೆಯಿತು, ಈರುಳ್ಳಿ ಒಂದೂ ಮೇಲೇಳಲಿಲ್ಲ. ಕಡೂರಿನಲ್ಲಿರುವ ನನ್ನ ತಂಗಿ ಅದೇ ಅಂಗಡಿಯಿಂದ ಕೊಂಡ ಪೊಟ್ಟಣಗಳನ್ನು ನನ್ನಂತೆಯೇ ಇಟ್ಟಿದ್ದಳು. ಅವಳಲ್ಲಿ ಬಹುತೇಕ ಎಲ್ಲವೂ ಮೊಳೆತವು. ಯಾವ ಬೀಜ ಎಷ್ಟು ವರ್ಷ ಬಾಳುತ್ತದೆ, ಅದನ್ನು ಹೇಗೆ ಇಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಮುಖ್ಯ ಭಾಗ ನಿಮ್ಮ ತಂಗಿಯ ಊರಿನ ಹೆಸರಿನಲ್ಲೇ ಇದೆ. ಒಂದೇ ಜಿಲ್ಲೆಯಾದರೂ ಕಡೂರು ಮಳೆ ಕಡಿಮೆ ಬೀಳುವ ಬಯಲುಸೀಮೆ. ಮೂಡಿಗೆರೆಯಲ್ಲಾದರೋ ಮೃಗಶಿರ ಮಳೆ ಹಿಡಿದರೆ ಮಘೆ ಮುಗಿಯುವವರೆಗೆ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಮಲೆನಾಡಿನವರು ಬೀಜದ ವಯಸ್ಸನ್ನು ವರ್ಷಗಳಿಂದಲ್ಲ, ಅದು ಬಾಯಿ ತೆರೆದ ಪೊಟ್ಟಣದಲ್ಲಿ ಕಳೆದ ಮಳೆಗಾಲಗಳಿಂದ ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಳಿಯಾಡದ ಡಬ್ಬದಲ್ಲಿ ಒಣಗಿ ಕುಳಿತ ಮೂರು ವರ್ಷದ ಟೊಮೆಟೊ ಬೀಜಕ್ಕಿಂತ, ಕಾಗದದ ಪೊಟ್ಟಣದಲ್ಲಿ ಒಂದೇ ಒಂದು ಆಷಾಢ ಕಂಡ ಬೀಜ ಹೆಚ್ಚು ಮುದಿಯಾಗಿರುತ್ತದೆ.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಾರಣ ತಿಳಿದವರಿಗೆ ವಿಧಾನವನ್ನು ಬೇರೆಯಾಗಿ ಬೋಧಿಸಬೇಕಾಗುವುದಿಲ್ಲ. ಬೀಜವು ಜೀವವಿರುವ ವಸ್ತು. ಒಣಗಿದಾಗಲೂ ಅದು ಅತಿ ಮಂದವಾಗಿ ಉಸಿರಾಡುತ್ತಾ, ತನ್ನೊಳಗಿನ ಆಹಾರವನ್ನು ಇಷ್ಟಿಷ್ಟೇ ಖರ್ಚು ಮಾಡುತ್ತಾ ಇರುತ್ತದೆ. ಒಳಗಿನ ತೇವಾಂಶ ಹೆಚ್ಚಿದಂತೆ ಈ ಖರ್ಚು ಏರುತ್ತದೆ, ಜೀವಕೋಶಗಳ ಪೊರೆಗಳು ಹಾಳಾಗುತ್ತವೆ, ಬೂಷ್ಟಿಗೂ ಅವಕಾಶವಾಗುತ್ತದೆ. ಬೇಸಗೆಯಲ್ಲಿ ಗರಿಗರಿಯಾಗಿ ಒಣಗಿಸಿದ ಹಪ್ಪಳವು ಜುಲೈ ತಿಂಗಳಲ್ಲಿ ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಹೇಗೆ ಮೆತ್ತಗಾಗುತ್ತದೆಯೋ, ಬೀಜವೂ ಹಾಗೆಯೇ ಸುತ್ತಲಿನ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ. ಕೊಳ್ಳುವಾಗ ನಿಮ್ಮ ಬೀನ್ಸ್ ಬೀಜದಲ್ಲಿ ಶೇ 8 ಅಥವಾ 9ರಷ್ಟು ತೇವಾಂಶವಿದ್ದಿರಬಹುದು. ಮಳೆಗಾಲದ ಮೂಡಿಗೆರೆಯ ಗಾಳಿಯಲ್ಲಿ ಕೆಲವು ವಾರ ಇದ್ದರೆ ಅದು ಶೇ 14ನ್ನು ದಾಟುವುದರಲ್ಲಿ ಆಶ್ಚರ್ಯವಿಲ್ಲ.

ಬೀಜವಿಜ್ಞಾನಿ ಹ್ಯಾರಿಂಗ್ಟನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಸ್ಥೂಲ ನಿಯಮವಿದೆ. ಬೀಜದ ತೇವಾಂಶವು ಶೇ 5ರಿಂದ 14ರ ನಡುವೆ ಇರುವಾಗ, ಅದನ್ನು ಶೇ 1ರಷ್ಟು ಇಳಿಸಿದರೆ ಬೀಜದ ಆಯುಷ್ಯ ಇಮ್ಮಡಿಯಾಗುತ್ತದೆ. ಹಾಗೆಯೇ ಇಡುವ ಜಾಗದ ಉಷ್ಣತೆಯನ್ನು 5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸಿದರೂ ಆಯುಷ್ಯ ಇಮ್ಮಡಿಯಾಗುತ್ತದೆ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ, ಶೇ 8ರಿಂದ 14ಕ್ಕೆ ಏರಿದ ಬೀಜದ ಆಯುಷ್ಯವು ಆರು ಸಲ ಅರ್ಧರ್ಧವಾಗಿ, ಮೊದಲಿದ್ದುದರ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ಸುಲಭ ಸೂತ್ರವೂ ಬಳಕೆಯಲ್ಲಿದೆ: ಬೀಜವಿಡುವ ಜಾಗದ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ಅಳೆದು, ಅದಕ್ಕೆ ಅಲ್ಲಿನ ಗಾಳಿಯ ಆರ್ದ್ರತೆಯ ಶೇಕಡಾವಾರು ಸಂಖ್ಯೆಯನ್ನು ಕೂಡಿಸಿದರೆ ಮೊತ್ತ 100ನ್ನು ಮೀರಬಾರದು. ಜುಲೈ ತಿಂಗಳ ಮಲೆನಾಡಿನಲ್ಲಿ ಉಷ್ಣತೆ 70, ಆರ್ದ್ರತೆ 90 ಎಂದು ಹಿಡಿದರೂ ಮೊತ್ತ 160 ಆಗುತ್ತದೆ. ಅಡುಗೆಮನೆಯ ಕಪಾಟು ಇದಕ್ಕಿಂತಲೂ ಕೆಟ್ಟ ಜಾಗ, ಏಕೆಂದರೆ ಅಲ್ಲಿ ಅನ್ನ ಸಾರು ಕುದಿಯುವ ಹಬೆ ದಿನಕ್ಕೆ ಎರಡು ಮೂರು ಸಲ ಸೇರುತ್ತದೆ.

ಇನ್ನು ನಿಮ್ಮ ನಾಲ್ಕು ಬೀಜಗಳು ಒಂದೇ ಕಪಾಟಿನಲ್ಲಿದ್ದೂ ಬೇರೆ ಬೇರೆ ಫಲ ಕೊಟ್ಟದ್ದಕ್ಕೆ ಆಯಾ ಜಾತಿಯ ಗುಣ ಕಾರಣ. ಒಣಗಿದ, ತಂಪಾದ ಜಾಗದಲ್ಲಿ ಚೆನ್ನಾಗಿ ಇಟ್ಟಾಗಲೂ ಈರುಳ್ಳಿ ಬೀಜ ಒಂದು ವರ್ಷ, ಬಹಳವೆಂದರೆ ಎರಡು ವರ್ಷ ಬಾಳುತ್ತದೆ. ತರಕಾರಿಗಳಲ್ಲಿ ಇದಕ್ಕಿಂತ ಅಲ್ಪಾಯುಷಿಗಳು ಕಡಿಮೆ. ಬೆಂಡೆ ಮತ್ತು ಮೆಣಸಿನಕಾಯಿಗೆ ಸುಮಾರು ಎರಡು ವರ್ಷ, ಬೀನ್ಸ್, ಬಟಾಣಿ ಮತ್ತು ಕ್ಯಾರೆಟ್‌ಗೆ ಮೂರು ವರ್ಷ, ಟೊಮೆಟೊ, ಬದನೆ, ಎಲೆಕೋಸು, ಬೀಟ್‌ರೂಟ್ ಮತ್ತು ಕುಂಬಳಕ್ಕೆ ನಾಲ್ಕು ವರ್ಷ, ಸೌತೆ ಮತ್ತು ಮೂಲಂಗಿಗೆ ಐದು ವರ್ಷದವರೆಗೆ ಎಂದು ಇಟ್ಟುಕೊಳ್ಳಬಹುದು. ಹೂವಿನಲ್ಲಿ ಆಸ್ಟರ್ ಬೀಜವನ್ನು ಮಾತ್ರ ಈರುಳ್ಳಿಯ ಸಾಲಿಗೇ ಸೇರಿಸಿ, ಪ್ರತಿವರ್ಷ ಹೊಸದನ್ನೇ ತನ್ನಿ. ಈ ಅವಧಿಗಳು ಚೆನ್ನಾಗಿ ಕಾಪಾಡಿದ ಬೀಜಕ್ಕೆ ಸಂಬಂಧಿಸಿದವು. ತೆರೆದ ಪೊಟ್ಟಣದ ಬೀಜಕ್ಕೆ ಇವನ್ನು ಅನ್ವಯಿಸಿದರೆ ಬಿತ್ತನೆಯ ಹದ ತಪ್ಪಿ ಒಂದು ಹಂಗಾಮು ವ್ಯರ್ಥವಾಗುತ್ತದೆ.

ಪೊಟ್ಟಣದ ಮೇಲಿನ ದಿನಾಂಕದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅನೇಕರು ಅದನ್ನು ಔಷಧಿಯ ಬಾಟಲಿಯ ದಿನಾಂಕದಂತೆ ಓದುತ್ತಾರೆ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯ ದಿನದಿಂದ 9 ತಿಂಗಳ ಅವಧಿ ಕೊಡಲಾಗುತ್ತದೆ. ಮತ್ತೆ ಪರೀಕ್ಷಿಸಿದಾಗ ಮೊಳಕೆ ಪ್ರಮಾಣ ಸರಿಯಿದ್ದರೆ 6 ತಿಂಗಳು ವಿಸ್ತರಿಸುವುದಕ್ಕೂ ಅವಕಾಶವಿದೆ. ಆದ್ದರಿಂದ ಅವಧಿ ಮುಗಿದ ಬೀಜ ಸತ್ತಿದೆ ಎಂದರ್ಥವಲ್ಲ, ಮುಗಿಯದ ಬೀಜ ಬದುಕಿದೆ ಎಂಬ ಭರವಸೆಯೂ ನೀವು ಪೊಟ್ಟಣ ಒಡೆದ ಮೇಲೆ ಉಳಿಯುವುದಿಲ್ಲ. ಜೊತೆಗೆ, ಹೊಸ ಬೀಜವೆಲ್ಲ ನೂರಕ್ಕೆ ನೂರು ಮೊಳೆಯಬೇಕೆಂದೂ ಇಲ್ಲ. ಪ್ರಮಾಣಿತ ಬೀಜದ ಕನಿಷ್ಠ ಮೊಳಕೆ ಪ್ರಮಾಣವು ಬೀನ್ಸ್‌ಗೆ ಶೇ 75, ಟೊಮೆಟೊ, ಬದನೆ ಮತ್ತು ಈರುಳ್ಳಿಗೆ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60. ಮೆಣಸಿನಕಾಯಿ ಬೀಜ ನೂರರಲ್ಲಿ ಅರವತ್ತೇ ಮೊಳೆತರೆ ಬೀಜವನ್ನು ದೂರುವಂತಿಲ್ಲ.

ಈಗ ಇಡುವ ವಿಧಾನಕ್ಕೆ ಬರೋಣ. ಮಿಕ್ಕ ಬೀಜವನ್ನು ಬಿತ್ತಿದ ದಿನವೇ, ರೋಹಿಣಿ ಮಳೆಯ ನಡುವಿನ ಒಣ ದಿನಗಳು ಕೈಬಿಡುವ ಮೊದಲೇ, ಮುಚ್ಚಿಡುವುದು ಎಲ್ಲಕ್ಕಿಂತ ಮುಖ್ಯ. ನಟ್ಟಿ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿದ ಎರಡು ವಾರದಲ್ಲೇ ಹಾನಿಯಾಗಿರುತ್ತದೆ. ಪ್ರತಿಯೊಂದು ಬೀಜವನ್ನೂ ಅದರ ಹೆಸರು, ತಳಿ, ಕೊಂಡ ತಿಂಗಳು ಬರೆದ ಸಣ್ಣ ಕಾಗದದ ಲಕೋಟೆಯಲ್ಲಿ ಹಾಕಿ, ಎಲ್ಲ ಲಕೋಟೆಗಳನ್ನೂ ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ಒಂದು ಗಾಜಿನ ಭರಣಿಯಲ್ಲಿ ಇಡಿ. ತೆಳು ಪಾಲಿಥೀನ್ ಚೀಲವನ್ನು ನಂಬಬೇಡಿ. ನೀರು ಸೋರದಿದ್ದರೂ ನೀರಿನ ಆವಿ ಅದರ ಮೂಲಕ ನಿಧಾನವಾಗಿ ನುಸುಳುತ್ತದೆ. ಭರಣಿಯ ತಳದಲ್ಲಿ, ಬಟ್ಟೆಯ ಚೀಲದೊಳಗೆ, ಬೀಜದಷ್ಟೇ ತೂಕದ ನೀಲಿ ಬಣ್ಣದ ಸಿಲಿಕಾ ಜೆಲ್ ಹರಳುಗಳಿರಲಿ. ಅವು ತೇವವನ್ನು ಹೀರಿದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ; ಆಗ ತೆಗೆದು, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿಮಾಡಿ, ಪೂರ್ತಿ ಆರಿಸಿ, ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು, ಹರಳುಗಳು ಮಕ್ಕಳ ಕೈಗೆ ಸಿಗಲೂಬಾರದು. ಸಿಲಿಕಾ ಜೆಲ್ ಸಿಗದಿದ್ದರೆ, ಅಕ್ಕಿಯನ್ನು ಕೆಂಪಗಾಗುವವರೆಗೆ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಆರಿಸಿ ಬಳಸಿದರೂ ತಕ್ಕಮಟ್ಟಿಗೆ ಕೆಲಸವಾಗುತ್ತದೆ. ಹುರಿಯದ ಅಕ್ಕಿಯಲ್ಲಿ ಮಾತ್ರ ಅದರದೇ ತೇವ ಶೇ 12ರ ಆಸುಪಾಸಿನಲ್ಲಿ ಇರುವುದರಿಂದ ಪ್ರಯೋಜನವಿಲ್ಲ.

ಒಂದು ವಾರ ಹೀಗೆ ಒಣಗಿದ ಬೀಜವನ್ನು ಭರಣಿಯ ಸಮೇತ ಫ್ರಿಜ್ಜಿನಲ್ಲಿ ಇಡುವುದು ಅತ್ಯುತ್ತಮ. ಒಣಗಿಸದೆ ಇಟ್ಟರೆ ಫ್ರಿಜ್ಜಿನಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು, ಏಕೆಂದರೆ ಅದರೊಳಗಿನ ಗಾಳಿಯೂ ತೇವದಿಂದ ಕೂಡಿರುತ್ತದೆ. ಭರಣಿಯನ್ನು ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯದೆ, ಒಂದು ರಾತ್ರಿ ಹೊರಗಿಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ಹೊರಗಿನ ಆವಿ ಹನಿಗಟ್ಟಿ, ಇಡೀ ವರ್ಷದ ಎಚ್ಚರಿಕೆ ಒಂದೇ ಗಳಿಗೆಯಲ್ಲಿ ಹಾಳಾಗುತ್ತದೆ. ಹೀಗೆ ಚೆನ್ನಾಗಿ ಒಣಗಿದ ಬೀನ್ಸ್ ಬೀಜವನ್ನು ಬಿತ್ತುವ ಮೊದಲು ನೀರಿನಲ್ಲಿ ನೆನೆಹಾಕಬೇಡಿ. ಅತಿ ಒಣಗಿದ ಕಾಳು ಒಮ್ಮೆಲೇ ನೀರು ಕುಡಿದರೆ ಅದರ ಬೇಳೆ ಬಿರಿದು ಮೊಳಕೆ ಕೆಡುತ್ತದೆ. ಒಂದೆರಡು ದಿನ ತೆರೆದ ತಟ್ಟೆಯಲ್ಲಿಟ್ಟು, ನಂತರ ಹದವಾದ ತೇವದ ಮಣ್ಣಿಗೆ ಹಾಕಿದರೆ ಸಾಕು. ಬೆಂಡೆ ಬೀಜದ ಸಿಪ್ಪೆ ಒಣಗಿದಾಗ ಗಟ್ಟಿಯಾಗುವುದರಿಂದ ಅದನ್ನು ಒಂದು ರಾತ್ರಿ ನೆನೆಸಿ ಬಿತ್ತುವುದೇ ಒಳ್ಳೆಯದು.

ಪ್ರಶ್ನೆ: ನಮ್ಮ ಅಜ್ಜಿ ಸೌತೆ, ಹೀರೆ ಬೀಜಗಳನ್ನು ಬೂದಿಯಲ್ಲಿ ಕಲಸಿ, ಸಗಣಿಯ ಬಿಲ್ಲೆ ಮಾಡಿ, ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದರು, ಅವರೆ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿ ತೂಗುಹಾಕುತ್ತಿದ್ದರು. ಒಂದು ಬೀಜವೂ ಹಾಳಾದದ್ದನ್ನು ನಾನು ಕಂಡಿಲ್ಲ. ಸಕಲೇಶಪುರದ ನಮ್ಮ ಈಗಿನ ಮನೆಯಲ್ಲಿ ನಾನೂ ಹಾಗೆಯೇ ಮಾಡಿದರೆ ಬಿಲ್ಲೆಗೆ ಬೂಷ್ಟು ಬಂತು, ಅವರೆಗೆ ಹುಳ ಬಿತ್ತು. ಹಳೆಯ ವಿಧಾನ ತಪ್ಪೇ?

ಉತ್ತರ: ವಿಧಾನ ತಪ್ಪಲ್ಲ. ಆ ವಿಧಾನದ ಜೀವಾಳವಾಗಿದ್ದ ಸೌದೆ ಒಲೆ ನಿಮ್ಮ ಈಗಿನ ಅಡುಗೆಮನೆಯಲ್ಲಿ ಇಲ್ಲ ಎಂದು ತೋರುತ್ತದೆ. ಅಜ್ಜಿಯ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದ ಒಲೆಯು ಗೋಡೆಯನ್ನೂ ಅಟ್ಟವನ್ನೂ ಹದವಾಗಿ ಬೆಚ್ಚಗಿಡುತ್ತಿತ್ತು. ಹೊರಗೆ ಎಷ್ಟೇ ಜಡಿಮಳೆಯಿದ್ದರೂ ಅಲ್ಲಿನ ಗಾಳಿ ಒಣಗಿರುತ್ತಿತ್ತು, ಹೊಗೆಯು ಹುಳಗಳನ್ನು ದೂರವಿಡುತ್ತಿತ್ತು. ಮಲೆನಾಡಿನ ಹೆಂಗಸರು ಮನೆಯೊಳಗೇ ಒಂದು ಪುಟ್ಟ ಬಯಲುಸೀಮೆಯನ್ನು ನಿರ್ಮಿಸಿಕೊಂಡಿದ್ದರು ಎಂದೇ ಹೇಳಬೇಕು, ಮತ್ತು ಅವರ ಈ ಜಾಣ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಬೂದಿಯ ನಯವಾದ ಪುಡಿ ಕಾಳುಗಳ ಸಂದುಗಳನ್ನು ತುಂಬಿ ಹುಳದ ಓಡಾಟವನ್ನು ತಡೆಯುತ್ತದೆ, ಹುಳದ ಮೈಮೇಲಿನ ಮೇಣದಂಥ ಲೇಪವನ್ನು ಉಜ್ಜಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಆದರೆ ಸೌದೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರನ್ನು ಎಳೆದುಕೊಳ್ಳುವ ವಸ್ತು. ಒಲೆಯ ಶಾಖವಿಲ್ಲದ ಸಿಮೆಂಟಿನ ಗೋಡೆಯ ಮೇಲೆ, ತೆರೆದ ಗಾಳಿಯಲ್ಲಿ, ಬೂದಿಯೇ ಒದ್ದೆಯಾಗಿ ಬೀಜವನ್ನೂ ಒದ್ದೆಮಾಡುತ್ತದೆ. ಆದ್ದರಿಂದ ಬೂದಿಯನ್ನು ಬಿಡಬೇಕಾಗಿಲ್ಲ. ಹೊಸದಾಗಿ ಸುಟ್ಟು ಜರಡಿ ಹಿಡಿದ ಬಿಸಿ ಬೂದಿಯನ್ನು ಆರಿಸಿ, ಒಣಬೀಜದೊಂದಿಗೆ ಬೆರೆಸಿ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವವರು ಅದನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿಯೇ ಹಾಕಬೇಕು. ಹಸಿಸೊಪ್ಪು ಡಬ್ಬದೊಳಗೆ ನೀರು ಬಿಡುತ್ತದೆ.

ಅವರೆಯ ಹುಳದ ವಿಷಯ ಬೇರೆ. ಅದರ ಮೊಟ್ಟೆ ಅನೇಕ ಬಾರಿ ಹೊಲದಲ್ಲೇ, ಒಣಗುತ್ತಿರುವ ಕಾಯಿಯ ಮೇಲೆ ಬಿದ್ದಿರುತ್ತದೆ. ನೀವು ಎಷ್ಟೇ ಬಿಗಿಯಾಗಿ ಮುಚ್ಚಿಟ್ಟರೂ ಒಳಗಿನಿಂದಲೇ ಹುಟ್ಟಿಬರುತ್ತದೆ. ಚೆನ್ನಾಗಿ ಒಣಗಿದ ಕಾಳನ್ನು ಬಿಗಿ ಡಬ್ಬದಲ್ಲಿ ಹಾಕಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಯೂ ಮರಿಯೂ ಸಾಯುತ್ತವೆ. ಕಾಳು ಒಣಗಿದೆಯೇ ಎಂದು ತಿಳಿಯಲು ಒಂದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ: ಅಪ್ಪಚ್ಚಿಯಾದರೆ ಇನ್ನೂ ತೇವವಿದೆ, ಚೂರುಚೂರಾಗಿ ಸಿಡಿದರೆ ಒಣಗಿದೆ. ತೇವವಿರುವ ಕಾಳನ್ನು ಹೆಪ್ಪುಗಟ್ಟಿಸಿದರೆ ಹುಳದೊಂದಿಗೆ ಬೀಜವೂ ಸಾಯುತ್ತದೆ. ಈ ಸೌಲಭ್ಯವಿಲ್ಲದವರು ಒಂದು ಕಿಲೋ ಕಾಳಿಗೆ ಒಂದು ಚಮಚ ಹರಳೆಣ್ಣೆ ಸವರಿ ಇಡುವ ಹಳೆಯ ಪದ್ಧತಿಯನ್ನು ಧೈರ್ಯವಾಗಿ ಅನುಸರಿಸಬಹುದು.

ಪ್ರಶ್ನೆ: ಆಲೂರಿನ ನಮ್ಮ ಮನೆಯಲ್ಲಿ ಹೆಸರಿದ್ದು ದಿನಾಂಕವಿಲ್ಲದ ಹಲವು ಹಳೆಯ ಬೀಜಗಳಿವೆ. ಎಸೆಯಲು ಮನಸ್ಸಿಲ್ಲ. ಬಿತ್ತುವ ಮೊದಲೇ ತಿಳಿಯುವ ದಾರಿಯಿದೆಯೇ? ನೀರಿನಲ್ಲಿ ಮುಳುಗಿದ ಬೀಜ ಒಳ್ಳೆಯದೆಂಬ ಮಾತು ನಿಜವೇ?

ಉತ್ತರ: ನೀರಿನ ಪರೀಕ್ಷೆ ಜೊಳ್ಳನ್ನು ಬೇರ್ಪಡಿಸುತ್ತದೆಯೇ ಹೊರತು ಜೀವವನ್ನು ಅಳೆಯುವುದಿಲ್ಲ, ತುಂಬಿದ ಬೀಜ ಸತ್ತಿದ್ದರೂ ಮುಳುಗುತ್ತದೆ. ಮೊಳಕೆ ಬರಿಸಿ ನೋಡುವುದೇ ಸರಿಯಾದ ದಾರಿ. ಬೀಜವನ್ನು ಆರಿಸದೆ, ಕೈಗೆ ಬಂದಂತೆ 25 ಎಣಿಸಿ, ಹಿಂಡಿದ ಒದ್ದೆ ಹತ್ತಿಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಸಡಿಲವಾಗಿ ಸುರುಳಿ ಸುತ್ತಿ, ಗಾಳಿ ಸುಳಿಯುವಂತೆ ಬಾಯಿ ತೆರೆದ ಪ್ಲಾಸ್ಟಿಕ್ ಚೀಲದಲ್ಲಿ ನಿಲ್ಲಿಸಿಡಿ. ಬಟ್ಟೆಯಿಂದ ನೀರು ತೊಟ್ಟಿಕ್ಕುವಂತಿರಬಾರದು. ಬೀನ್ಸ್ ಒಂದು ವಾರದಿಂದ ಒಂಬತ್ತು ದಿನದೊಳಗೆ, ಟೊಮೆಟೊ, ಬದನೆ ಮತ್ತು ಮೆಣಸಿನಕಾಯಿ ಎರಡು ವಾರದೊಳಗೆ ಫಲಿತಾಂಶ ಕೊಡುತ್ತವೆ. ಬೆಂಡೆಗೆ ಮೂರು ವಾರ ತಾಳ್ಮೆಯಿಂದ ಕಾಯಬೇಕಾಗಬಹುದು. ಪುಷ್ಯ ಮಾಸದ ಚಳಿಯಲ್ಲಿ ಬದನೆ, ಮೆಣಸಿನಕಾಯಿ ಬೀಜಗಳು ಬದುಕಿದ್ದರೂ ಹಿಂಜರಿಯುತ್ತವೆ. ಆಗ ಸುರುಳಿಯನ್ನು ಮನೆಯ ಬೆಚ್ಚಗಿನ ಮೂಲೆಯಲ್ಲಿಡಿ.

ಎಣಿಸುವಾಗ ಬೇರು ಮತ್ತು ಕುಡಿ ಎರಡೂ ನೇರವಾಗಿ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇಪ್ಪತ್ತೈದರಲ್ಲಿ 15 ಬಂದರೆ ಶೇ 60. ನಿಮಗೆ 30 ಗಿಡ ಬೇಕಾದರೆ 50 ಬೀಜ ಹಾಕಬೇಕು, ಪಾತಿಯಲ್ಲಿ ಸಾಯುವವನ್ನು ಲೆಕ್ಕ ಹಿಡಿದು ಇನ್ನೊಂದು ಹತ್ತು ಸೇರಿಸಿದರೆ ಒಳ್ಳೆಯದು. ಪ್ರಮಾಣವು ಮೂರನೇ ಒಂದಕ್ಕಿಂತ ಕಡಿಮೆಯಿದ್ದರೆ ಆ ಬೀಜವನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ಬದುಕುಳಿದ ಬೀಜಗಳೂ ನಿಶ್ಶಕ್ತವಾಗಿರುತ್ತವೆ. ಬಟ್ಟೆಯಲ್ಲಿ ಮೊಳೆತರೂ ತಂಪು ಮಣ್ಣನ್ನು ಒಡೆದು ಮೇಲೆ ಬರುವ ಶಕ್ತಿ ಅವಕ್ಕಿರುವುದಿಲ್ಲ. ಮನೆತನದಲ್ಲಿ ಉಳಿದುಬಂದ, ಬೇರೆಲ್ಲೂ ಸಿಗದ ತಳಿಯಾದರೆ ಮಾತ್ರ ಈ ಮಾತನ್ನು ಬದಿಗಿಡಿ. ಅಂಥದ್ದು ನೂರರಲ್ಲಿ ಎರಡೇ ಮೊಳೆತರೂ ಆ ಎರಡನ್ನು ಕುಂಡದಲ್ಲಿ ಸಾಕಿ, ಹೊಸ ಬೀಜ ಮಾಡಿಕೊಳ್ಳಿ, ಮತ್ತು ಅದರಲ್ಲಿ ಒಂದು ಹಿಡಿಯನ್ನು ನೆರೆಯವರಿಗೂ ಕೊಡಿ.

ಪ್ರಶ್ನೆ: ಕೊಪ್ಪದ ನಮ್ಮ ತೋಟದಲ್ಲಿ ಕಾಫಿ, ಕರಿಬೇವು ಮತ್ತು ಒಳ್ಳೆಯ ರುಚಿಯ ಒಂದು ಹಲಸಿನ ಬೀಜಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಮುಂದಿನ ವರ್ಷ ಒಂದೂ ಹುಟ್ಟಲಿಲ್ಲ.

ಉತ್ತರ: ತರಕಾರಿಗೆ ಹೇಳಿದ ನಿಯಮ ಇವಕ್ಕೆ ಸಲ್ಲದು. ಹಲಸು, ಮಾವು, ಕರಿಬೇವು, ಅಡಿಕೆ ಮುಂತಾದವುಗಳ ಬೀಜ ಹಸಿಯಾಗಿಯೇ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಹಲಸಿನ ಬೀಜವನ್ನು ಕೆಮ್ಮಣ್ಣಿನಲ್ಲಿ ಮುಚ್ಚಿಟ್ಟು ಮಳೆಗಾಲದಲ್ಲಿ ಪಲ್ಯಕ್ಕೆ ತೆಗೆಯುವಾಗ ಕೆಲವು ಮೊಳೆತಿರುವುದನ್ನು ನಿಮ್ಮ ಮನೆಯಲ್ಲೂ ಕಂಡಿರಬಹುದು. ಮಣ್ಣಿನ ತೇವವೇ ಅದರ ಜೀವವನ್ನು ಉಳಿಸುವುದು. ಇಂಥವನ್ನು ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ತೊಳೆದು ಬಿತ್ತಬೇಕು. ಕಾಫಿ ಬೀಜವು ತರಕಾರಿ ಬೀಜ ಮತ್ತು ಹಲಸಿನಂಥ ಬೀಜ ಇವೆರಡರ ನಡುವಿನದು: ನೆರಳಿನಲ್ಲಿ ಸ್ವಲ್ಪ ಒಣಗುವುದನ್ನು ತಾಳುತ್ತದೆ, ಆದರೆ ಅತಿಯಾದ ಒಣಗುವಿಕೆಯನ್ನೂ ಫ್ರಿಜ್ಜಿನ ಚಳಿಯನ್ನೂ ತಾಳುವುದಿಲ್ಲ, ಕೆಲವು ತಿಂಗಳಲ್ಲಿ ಅದರ ಮೊಳಕೆ ಶಕ್ತಿ ಕುಸಿಯುತ್ತದೆ. ಬೀಜಕ್ಕೆಂದು ಆರಿಸಿದ ಹಣ್ಣಿನ ಸಿಪ್ಪೆ ಬಿಡಿಸಿ, ಬೂದಿ ಬೆರೆಸಿ, ನೆರಳಿನಲ್ಲಿ ಆರಿಸಿ, ಡಿಸೆಂಬರ್ ಮತ್ತು ಜನವರಿಯಲ್ಲೇ ಪಾತಿಗೆ ಹಾಕುವ ರೂಢಿ ಬಂದದ್ದು ಇದರಿಂದಲೇ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ನಿಮಗೆ ಹತ್ತಿರವೇ ಇದೆ. ತಳಿಯ ಬೀಜ ಬೇಕಾದರೆ ಅಲ್ಲಿ ಮೊದಲೇ ವಿಚಾರಿಸಿ, ಆ ವರ್ಷಕ್ಕೆ ಬೇಕಾದಷ್ಟನ್ನು ಮಾತ್ರ ತನ್ನಿ.

ಪ್ರಶ್ನೆ: ಅರಸೀಕೆರೆಯಲ್ಲಿ ಕೊಂಡ ಹೈಬ್ರಿಡ್ ಟೊಮೆಟೊ ಬೀಜಕ್ಕೆ ಗುಲಾಬಿ ಬಣ್ಣದ ಪುಡಿ ಮೆತ್ತಿದೆ. ಮಿಕ್ಕದ್ದನ್ನು ಮುಂದಿನ ವರ್ಷಕ್ಕೆ ಇಡಬಹುದೇ? ಅದರ ಹಣ್ಣಿನಿಂದಲೇ ಬೀಜ ತೆಗೆದುಕೊಂಡರೆ ಹೇಗೆ?

ಉತ್ತರ: ಮಿಕ್ಕ ಬೀಜವನ್ನು ಮೇಲೆ ಹೇಳಿದಂತೆ ಒಣಗಿಸಿ ಇಡಬಹುದು, ಹೈಬ್ರಿಡ್ ಎಂಬ ಕಾರಣಕ್ಕೆ ಅದರ ಆಯುಷ್ಯ ಕಡಿಮೆಯಾಗುವುದಿಲ್ಲ. ಹಣ್ಣಿನಿಂದ ತೆಗೆದ ಬೀಜ ಮೊಳೆಯುತ್ತದೆ, ಆದರೆ ಗಿಡಗಳು ಒಂದೊಂದು ಒಂದೊಂದು ಬಗೆಯಾಗಿ ಬರುತ್ತವೆ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್‌ನಂಥ ಹೈಬ್ರಿಡ್ ಅಲ್ಲದ ತಳಿಯನ್ನು ಬೆಳೆಯಿರಿ.

ಆ ಗುಲಾಬಿ ಪುಡಿ ಸಾಮಾನ್ಯವಾಗಿ ಶಿಲೀಂಧ್ರನಾಶಕ. ಬಣ್ಣವನ್ನು ಬೆರೆಸುವುದೇ ಜನರು ಅದನ್ನು ತಿನ್ನುವ ಕಾಳೆಂದು ತಪ್ಪು ತಿಳಿಯಬಾರದೆಂದು. ಆದ್ದರಿಂದ ಅಂಥ ಬೀಜವನ್ನು ಆಹಾರದ ಜೊತೆ ಫ್ರಿಜ್ಜಿನಲ್ಲಿ ಇಡಲೇಬೇಡಿ. ಬೇರೆ ಡಬ್ಬದಲ್ಲಿ, ಹೆಸರು ಬರೆದು, ಮನೆಯ ತಂಪಾದ ಕೋಣೆಯಲ್ಲಿ ಎತ್ತರದಲ್ಲಿಡಿ. ಮೊಳೆಯುವ ಶಕ್ತಿ ಕಳೆದುಕೊಂಡದ್ದನ್ನು ಕೋಳಿಗಾಗಲಿ ದನಕ್ಕಾಗಲಿ ಹಾಕಬಾರದು, ಒಲೆಯಲ್ಲಿ ಸುಡಲೂಬಾರದು. ಬಾವಿ ಮತ್ತು ಹಳ್ಳದಿಂದ ದೂರದಲ್ಲಿ, ಕೋಳಿ ಕೆದಕಲಾರದಷ್ಟು ಆಳಕ್ಕೆ ಹೂಳಿ, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.